ಕ್ರಿಯಾಟಿನಿನ್ ಎಷ್ಟಿದೆ ಎಂದಷ್ಟೇ ಕೇಳುವವರಿಗೆ

ಮೂತ್ರಪಿಂಡದ ದೀರ್ಘಕಾಲೀನ ಕಾಯಿಲೆ ಇರುವವರನ್ನು ನೋಡಲು ಹೋದಾಗ ನಮ್ಮ ಕೊಡಗಿನಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಬಹುಮಟ್ಟಿಗೆ ಕೊನೆಯದೂ, 'ಕ್ರಿಯಾಟಿನಿನ್ ಎಷ್ಟಿದೆ?' ಎಂಬುದು. ಅಂಕಿ ಏರಿದ್ದರೆ ಆಯುಷ್ಯ ತೀರುತ್ತಾ ಬಂತೆಂದೂ ಇಳಿದಿದ್ದರೆ ಗುಣವಾಯಿತೆಂದೂ ಮನೆಯವರು ತೀರ್ಮಾನಿಸಿಬಿಡುತ್ತಾರೆ. ಪ್ರಯೋಗಾಲಯದಲ್ಲಿ ಬಹುಕಾಲ ರಕ್ತ ಪರೀಕ್ಷಿಸಿ ವರದಿ ಬರೆದುಕೊಟ್ಟ ನನಗೆ ಈ ಲೆಕ್ಕ ಸರಿಯಲ್ಲವೆನಿಸುತ್ತದೆ. ರೋಗಿಯು ಎಷ್ಟು ಕಾಲ, ಹೇಗೆ ಬಾಳಬಲ್ಲ ಎಂಬುದರ ಬಗ್ಗೆ ಅದೇ ವರದಿಯ ಬೇರೆ ಸಾಲುಗಳು, ಅದರಲ್ಲೂ ರಕ್ತದಲ್ಲಿರುವ ಪ್ರೋಟೀನಾದ ಅಲ್ಬುಮಿನ್, ಎಷ್ಟೋ ವೇಳೆ ಕ್ರಿಯಾಟಿನಿನ್‌ಗಿಂತ ಹೆಚ್ಚು ಹೇಳುತ್ತವೆ. ನಾನು ವೈದ್ಯನಲ್ಲ, ಯಾರ ಔಷಧವನ್ನೂ ಬದಲಿಸುವ ಮಾತು ಇಲ್ಲಿಲ್ಲ.

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಹಾಗಾಗಿ ರಕ್ತದಲ್ಲಿ ಉಳಿದಿರುವ ಪ್ರಮಾಣವು ಮೂತ್ರಪಿಂಡ ಎಷ್ಟು ಸೋಸುತ್ತಿದೆ ಎಂಬುದನ್ನಲ್ಲದೆ ದೇಹದಲ್ಲಿ ಎಷ್ಟು ಮಾಂಸವಿದೆ ಎಂಬುದನ್ನೂ ಅವಲಂಬಿಸುತ್ತದೆ. ಕಾಫಿ ತೋಟದಲ್ಲಿ ಗೊಬ್ಬರದ ಮೂಟೆ ಹೊರುವ 30 ವರ್ಷದ ಗಂಡಸಿಗೂ ಅದೇ ತೋಟದ ಲೈನ್ ಮನೆಯಲ್ಲಿರುವ 75 ವರ್ಷದ ಅಜ್ಜಿಗೂ ವರದಿಯಲ್ಲಿ 1.2 ಎಂದೇ ಬಂದಿದೆ ಎಂದುಕೊಳ್ಳಿ. ವಯಸ್ಸು, ಲಿಂಗಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ 2021ರ ಸಿಕೆಡಿ-ಎಪಿ ಸೂತ್ರದ ಪ್ರಕಾರ ಸೋಸುವ ಶಕ್ತಿಯನ್ನು, ಅಂದರೆ ಇಜಿಎಫ್ಆರ್ ಅನ್ನು, ಲೆಕ್ಕ ಹಾಕಿದರೆ ಅವನಿಗೆ ಸುಮಾರು 83, ಅಜ್ಜಿಗೆ ಸುಮಾರು 47 ಬರುತ್ತದೆ. ಈ ಅಂಕಿ ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗೇ ಉಳಿದರೆ ಅದು ದೀರ್ಘಕಾಲೀನ ಕಾಯಿಲೆ. 'ನಾರ್ಮಲ್‌ಗಿಂತ ಒಂಚೂರು ಜಾಸ್ತಿ ಅಷ್ಟೆ' ಎಂದು ಆ ಅಜ್ಜಿಯ ವರದಿಯನ್ನು ಮಡಚಿಡುವುದು, ಅದರ ಮೇಲೆ ಸೊಂಟನೋವಿಗೆಂದು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಡೈಕ್ಲೋಫೆನಾಕ್ ಮಾತ್ರೆ ನುಂಗಿಸುತ್ತಾ ಹೋಗುವುದು ನಮ್ಮಲ್ಲಿ ತೀರಾ ಸಾಮಾನ್ಯ.

ಇನ್ನು ಮೂತ್ರದ ಅಲ್ಬುಮಿನ್, ಅಂದರೆ ರಕ್ತದಿಂದ ಮೂತ್ರಕ್ಕೆ ಸೋರಿದ ಅದೇ ಪ್ರೋಟೀನು. ಇದು ರಕ್ತಪರೀಕ್ಷೆಯಲ್ಲ, ಆದರೆ ರಕ್ತದ ಅಂಕಿಗಳಿಗೆ ಅರ್ಥ ಬರುವುದು ಇದರ ಜೊತೆ ಓದಿದಾಗಲೇ. ಅನೇಕ ದೇಶಗಳ ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು, ಇಜಿಎಫ್ಆರ್ ಕಡಿಮೆಯಾದಂತೆ ಸಾವಿನ ಅಪಾಯ ಹೆಚ್ಚುವುದನ್ನೂ, ಇಜಿಎಫ್ಆರ್ ಚೆನ್ನಾಗಿದ್ದವರಲ್ಲೂ ಮೂತ್ರದಲ್ಲಿ ಅಲ್ಬುಮಿನ್ ಹೆಚ್ಚಿದಂತೆ ಅಪಾಯ ಹೆಚ್ಚುವುದನ್ನೂ ತೋರಿಸಿತು. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಮೂತ್ರದಲ್ಲಿ ಅಲ್ಬುಮಿನ್ 30 ಮಿಲಿಗ್ರಾಂ ಒಳಗಿದ್ದರೆ ನೆಮ್ಮದಿ, 300 ದಾಟಿದರೆ ತೀವ್ರ. ಇಲ್ಲಿ ಅಪಾಯವೆಂದರೆ ಕೇವಲ ಡಯಾಲಿಸಿಸ್ ಅಲ್ಲ. ಕಾಯಿಲೆಯ ನಡುವಿನ ಹಂತಗಳಲ್ಲಿರುವವರ ಪೈಕಿ ಡಯಾಲಿಸಿಸ್‌ವರೆಗೆ ಹೋಗುವವರಿಗಿಂತ ಅದಕ್ಕೂ ಮೊದಲೇ ಹೃದಯದ ತೊಂದರೆಯಿಂದಲೋ ಬೇರೆ ಕಾರಣದಿಂದಲೋ ತೀರಿಕೊಳ್ಳುವವರೇ ಹೆಚ್ಚು.

ಕ್ರಿಯಾಟಿನಿನ್ ಒಂದನ್ನೇ ಹಿಡಿದು ಕೂತರೆ ಆಗುವ ಇನ್ನೊಂದು ಅನಾಹುತವಿದೆ. ಬಿಪಿಗೂ ಮೂತ್ರದ ಅಲ್ಬುಮಿನ್ ತಡೆಯಲಿಕ್ಕೂ ಕೊಡುವ ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಮಾತ್ರೆಗಳೂ ಸಕ್ಕರೆ ಕಾಯಿಲೆಗೂ ಮೂತ್ರಪಿಂಡಕ್ಕೂ ಕೊಡುವ ಡಾಪಾಗ್ಲಿಫ್ಲೋಜಿನ್ ಕೂಡ ಆರಂಭದಲ್ಲಿ ಕ್ರಿಯಾಟಿನಿನ್ ಅನ್ನು ಕೊಂಚ ಏರಿಸುತ್ತವೆ. ರಾಮಿಪ್ರಿಲ್ ಬಗೆಯ ಮಾತ್ರೆಗಳಲ್ಲಿ ಮೊದಲ ವಾರಗಳ ಏರಿಕೆ 30 ಪ್ರತಿಶತದ ಒಳಗಿದ್ದರೆ ಸಾಮಾನ್ಯವಾಗಿ ಔಷಧ ಮುಂದುವರಿಸುತ್ತಾರೆ. ವರದಿ ನೋಡಿ ಗಾಬರಿಯಾಗಿ ತಾವಾಗಿಯೇ ಮಾತ್ರೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಆದರೆ 4,304 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಡಾಪಾ-ಸಿಕೆಡಿ ಅಧ್ಯಯನದಲ್ಲಿ ಡಾಪಾಗ್ಲಿಫ್ಲೋಜಿನ್ ಪಡೆದವರ ಸಾವಿನ ಅಪಾಯವೇ ಸುಮಾರು 31 ಪ್ರತಿಶತ ಕಡಿಮೆಯಾಗಿತ್ತು.

ಡಯಾಲಿಸಿಸ್ ಶುರುವಾದ ಮೇಲಂತೂ ಈ ಅಂಕಿಯ ಅರ್ಥವೇ ತಲೆಕೆಳಗಾಗುತ್ತದೆ. ಅಮೆರಿಕದ 12,000ಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ರಕ್ತದ ವರದಿಗಳನ್ನು ಪರಿಶೀಲಿಸಿ ಲೌರಿ ಮತ್ತು ಲ್ಯೂ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾವಿನ ಸಾಧ್ಯತೆಯನ್ನು ಎಲ್ಲಕ್ಕಿಂತ ಬಲವಾಗಿ ಸೂಚಿಸಿದ್ದು ರಕ್ತದ ಅಲ್ಬುಮಿನ್. ಕ್ರಿಯಾಟಿನಿನ್ ಕಡಿಮೆ ಇದ್ದವರಿಗೇ ಅಪಾಯ ಹೆಚ್ಚಿತ್ತು, ಏಕೆಂದರೆ ಆ ಹಂತದಲ್ಲಿ ಕಡಿಮೆ ಕ್ರಿಯಾಟಿನಿನ್ ಎಂದರೆ ಬಹುಪಾಲು ಸ್ನಾಯು ಕರಗಿದೆ ಎಂದೇ ಲೆಕ್ಕ. 'ಹತ್ತಿದ್ದದ್ದು ಆರಕ್ಕೆ ಬಂತು' ಎಂದು ಸಂತೋಷಪಡುವ ಮನೆಯವರು ರೋಗಿಯ ಸಡಿಲವಾದ ಅಂಗಿಯ ತೋಳನ್ನೂ ಒಮ್ಮೆ ನೋಡಬೇಕು.

ಅಲ್ಬುಮಿನ್ ಇಳಿಯುವುದರಲ್ಲಿ ನಮ್ಮ ಪಥ್ಯದ ಪಾಲೂ ಇದೆ. ಕಿಡ್ನಿ ಕಾಯಿಲೆ ಎಂದೊಡನೆ ಮೊಟ್ಟೆ, ಕೋಳಿ, ಮೀನು ಎಲ್ಲವನ್ನೂ ನಿಲ್ಲಿಸಿ ಗಂಜಿಗೆ ಇಳಿಸುತ್ತಾರೆ. ಡಯಾಲಿಸಿಸ್‌ಗೆ ಮೊದಲು ಪ್ರೋಟೀನನ್ನು ಮಿತಿಯಲ್ಲಿಡುವುದಕ್ಕೆ, ಅಂದರೆ ದೇಹದ ತೂಕದ ಕಿಲೋಗೆ ದಿನಕ್ಕೆ 0.8 ಗ್ರಾಂ ಸುತ್ತಮುತ್ತ ಇಡುವುದಕ್ಕೆ, ಕಾರಣವಿದೆ. ಡಯಾಲಿಸಿಸ್ ಆರಂಭವಾದ ಮೇಲೆ ಬೇಕಾಗುವುದು 1.0ರಿಂದ 1.2 ಗ್ರಾಂ. ಆದರೆ ಹಳೆಯ ಪಥ್ಯದ ಚೀಟಿಯೇ ಅಡುಗೆಮನೆಯಲ್ಲಿ ಉಳಿದಿರುತ್ತದೆ, ಮತ್ತು ಕೈಲ್‌ಪೊದ್ ಹಬ್ಬದ ದಿನವೂ ಡಯಾಲಿಸಿಸ್‌ಗೆ ಹೋಗುವ ಹಿರಿಯರ ಎಲೆಯಲ್ಲಿ ಅಕ್ಕಿಯ ಕಡಂಬುಟ್ಟು ಮಾತ್ರ ಇರುತ್ತದೆ. ಹಾಗೆಂದು ಆಹಾರವೊಂದೇ ಕಾರಣವಲ್ಲ. ದೇಹದಲ್ಲಿ ಉರಿಯೂತವಿದ್ದರೂ ಅಲ್ಬುಮಿನ್ ಇಳಿಯುತ್ತದೆ, ಉರಿಯೂತವನ್ನು ಸೂಚಿಸುವ ಸಿಆರ್‌ಪಿ ಏರುತ್ತದೆ. ತಿಂಗಳಾನುಗಟ್ಟಲೆ ಕತ್ತಿನಲ್ಲೇ ಉಳಿದ ಡಯಾಲಿಸಿಸ್ ಕೊಳವೆಯ ಸೋಂಕು, ಹುಳುಕು ಹಲ್ಲು, ಪತ್ತೆಯಾಗದ ಕ್ಷಯ, ಇವುಗಳನ್ನು ಹುಡುಕದೆ ಪ್ರೋಟೀನ್ ಪುಡಿ ತಂದುಕೊಟ್ಟರೆ ಪ್ರಯೋಜನ ಅಷ್ಟಕ್ಕಷ್ಟೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸೂಚಕ ಬೇರೆ, ಕಾರಣ ಬೇರೆ. ನಮ್ಮ ಬೆಳೆಗಾರರ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ದಿನವೂ ಬರೆದಿಡುತ್ತಾರಲ್ಲ, ಆ ಮಾಪಕಕ್ಕೆ ಬಿಂದಿಗೆಯಿಂದ ನೀರು ಸುರಿದರೆ ತೋಟ ನೆನೆಯುವುದಿಲ್ಲ. ಹಿಮೋಗ್ಲೋಬಿನ್ ವಿಷಯದಲ್ಲಿ ವೈದ್ಯಲೋಕ ಕಲಿತದ್ದೂ ಇದನ್ನೇ. ಅದು ಕಡಿಮೆ ಇದ್ದವರು ಬೇಗ ಸಾಯುತ್ತಾರೆಂದು ಕಂಡಾಗ, ಚುಚ್ಚುಮದ್ದಿನಿಂದ ಅದನ್ನು 13ರ ಮೇಲೇರಿಸಿದರೆ ಬದುಕುತ್ತಾರೆ ಎಂದುಕೊಂಡರು. 2006ರ ಕಾಯರ್ ಅಧ್ಯಯನದಲ್ಲಿ ಹೆಚ್ಚಿನ ಗುರಿ ಇಟ್ಟವರಿಗೇ ಹೃದಯದ ತೊಂದರೆ, ಸಾವು ಹೆಚ್ಚಾದವು. 4,038 ಸಕ್ಕರೆ ಕಾಯಿಲೆಯವರ ಮೇಲೆ ನಡೆದ 2009ರ ಟ್ರೀಟ್ ಅಧ್ಯಯನದಲ್ಲಿ ಪಾರ್ಶ್ವವಾಯು ಹೆಚ್ಚುಕಡಿಮೆ ಇಮ್ಮಡಿಯಾಯಿತು, 2.6 ಪ್ರತಿಶತದಿಂದ 5 ಪ್ರತಿಶತಕ್ಕೆ. ಆದ್ದರಿಂದಲೇ ಈಗ ಸಾಮಾನ್ಯವಾಗಿ 11.5ರ ಮೇಲೆ ಏರಿಸುವುದಿಲ್ಲ. 'ನಮ್ಮವರಿಗೆ ಹದಿಮೂರು ಬರುವ ಹಾಗೆ ಇಂಜೆಕ್ಷನ್ ಕೊಡಿ' ಎಂದು ಒತ್ತಾಯಿಸುವವರಿಗೆ ಇದು ತಿಳಿದಿರಲಿ.

ರಂಜಕ (ಫಾಸ್ಫರಸ್) ಮತ್ತು ರಕ್ತದ ಆಮ್ಲವನ್ನು ತಗ್ಗಿಸುವ ಬೈಕಾರ್ಬೊನೇಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲನೆಯದು ಏರುವುದೂ ಎರಡನೆಯದು 22ಕ್ಕಿಂತ ಇಳಿಯುವುದೂ ಒಳ್ಳೆಯ ಲಕ್ಷಣವಲ್ಲ. ಪೊಟ್ಯಾಸಿಯಂ ಮಾತ್ರ ಬೇರೆ ಜಾತಿಯದು. ಉಳಿದವು ವರ್ಷಗಳ ಮಾತು ಹೇಳಿದರೆ ಇದು ಗಂಟೆಗಳ ಮಾತು ಹೇಳುತ್ತದೆ. 6 ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಪಡೆಯುವವರಲ್ಲಿ ಎರಡು ದಿನದ ಬಿಡುವಿನ ಮರುದಿನ ಸಾವು ಹೆಚ್ಚೆಂದು 2011ರಲ್ಲೇ ತೋರಿಸಿದ್ದಾರೆ. ನಮ್ಮಲ್ಲಿ ಎಷ್ಟೋ ಜನರಿಗೆ ವಾರಕ್ಕೆ ಎರಡೇ ಸರದಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋದದ್ದನ್ನು ಮರೆತಿಲ್ಲದವರು, ಮಳೆಗಾಲಕ್ಕೆ ಮೊದಲೇ ಸರದಿ ತಪ್ಪಿದರೆ ಏನು ಮಾಡಬೇಕೆಂದು ವೈದ್ಯರಲ್ಲಿ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಅಂಥ ದಿನಗಳಲ್ಲಿ ಪೊಟ್ಯಾಸಿಯಂ ಹೆಚ್ಚಿರುವ ಕಿತ್ತಳೆ, ಬಾಳೆಹಣ್ಣು, ಎಳನೀರು ದೂರವಿರಲಿ.

ನಮ್ಮ ಜಿಲ್ಲೆಯ ಪ್ರಯೋಗಾಲಯಗಳಿಗೆ ನನ್ನದೊಂದು ಕೋರಿಕೆ. ಕ್ರಿಯಾಟಿನಿನ್ ಪಕ್ಕದಲ್ಲಿ ಇಜಿಎಫ್ಆರ್ ಕೂಡ ಮುದ್ರಿಸಿಕೊಡಿ. ಅದಕ್ಕೆ ಹೊಸ ಯಂತ್ರವೂ ಬೇಡ, ಹೆಚ್ಚುವರಿ ರಕ್ತವೂ ಬೇಡ, ರೋಗಿಯ ವಯಸ್ಸು ಮತ್ತು ಲಿಂಗ ಗೊತ್ತಿದ್ದರೆ ಸಾಕು. ರಕ್ತದ ಮಾದರಿ ಕಳುಹಿಸುವವರು ವಯಸ್ಸಿನ ಜಾಗದಲ್ಲಿ 'ಅಡಲ್ಟ್' ಎಂದು ಗೀಚುವುದನ್ನು ಬಿಟ್ಟು ವರ್ಷವನ್ನು ಸರಿಯಾಗಿ ಕೇಳಿ ಬರೆಯಬೇಕು, ಅಷ್ಟೆ.