ಸರ್, ಕಾಲು ಅಲ್ಲಾಡಿಸಬೇಡಿ

ಬೆಂಗಳೂರಿನ ರೆಸಿಡೆನ್ಸಿ ರೋಡಿನ ಆಸುಪಾಸಿನ ಒಂದು ಬೇಸ್‌ಮೆಂಟಿನಲ್ಲಿ ನಾವು ಮೂವರು ಪಾಲುದಾರರು ಡಿಸ್ಕೋಥೆಕ್ ನಡೆಸುತ್ತಿದ್ದೆವು. ಶನಿವಾರ ಬಂತೆಂದರೆ ಮೆಟ್ಟಿಲ ಮೇಲೂ ಜನ. ಒಂಟಿ ಗಂಡಸರಿಗೆ ಪ್ರವೇಶವಿಲ್ಲ ಅಂತ ಬೋರ್ಡು ಹಾಕಿದ್ದರಿಂದ, ಬಾಗಿಲು ದಾಟುವಷ್ಟರ ಮಟ್ಟಿಗೆ ಫುಟ್‌ಪಾತಿನಲ್ಲೇ ಜೋಡಿಗಳು ಕೂಡಿಬಿಡುತ್ತಿದ್ದವು. ಅದರಲ್ಲೊಂದು ಜೋಡಿ ಮುಂದೆ ನಮಗೆ ಲಗ್ನಪತ್ರಿಕೆಯನ್ನೂ ತಂದುಕೊಟ್ಟಿತು.

ಒಳಗೆಲ್ಲ ಯೂವಿ ಲೈಟು, ಅಂದರೆ ನೇರಳಾತೀತ ಬೆಳಕು. ಬಟ್ಟೆ ಸೋಪಿನಲ್ಲಿ ಹೊಳಪಿಗೆಂದು ಬೆರೆಸುವ ರಾಸಾಯನಿಕ ಆ ಬೆಳಕಿಗೆ ನೀಲಿಯಾಗಿ ಮಿನುಗುತ್ತದೆ. ನಮ್ಮ ಲೆಕ್ಕದವರು ಸಂಪ್ರದಾಯಸ್ಥರು. ಒಂದು ರಾತ್ರಿ ಮಡಿಮಡಿ ಬಿಳಿ ಪಂಚೆಯಲ್ಲಿ ಕಲೆಕ್ಷನ್ ಎಣಿಸಲು ಇಳಿದು ಬಂದರು. ಕತ್ತಲಲ್ಲಿ ಮನುಷ್ಯ ಕಾಣಲಿಲ್ಲ, ಪಂಚೆ ಮಾತ್ರ ನಡೆದುಬಂತು. ಯಾರೋ ಕಿಟಾರನೆ ಕಿರುಚಿದರು, ಉಳಿದವರು ಸ್ಪೆಷಲ್ ಐಟಂ ಅಂದುಕೊಂಡು ಚಪ್ಪಾಳೆ ಹೊಡೆದು ‘ಒನ್ಸ್ ಮೋರ್’ ಅಂದರು.

ಇದೆಲ್ಲ ಸುಖದ ದಿನಗಳು. ಮನರಂಜನೆಯ ಜಾಗಗಳಿಗೆ ಪ್ರತ್ಯೇಕ ಲೈಸೆನ್ಸ್ ಬೇಕೆಂಬ ಆದೇಶ 2005ರಲ್ಲಿ ಬಂತು. 2008ರ ಹೊತ್ತಿಗೆ ಕಟ್ಟುನಿಟ್ಟಾಯಿತು. ಆ ಕಾಗದ ಕೈಸೇರುವ ತನಕ ನಮ್ಮಲ್ಲಿ ಕುಡಿಯಬಹುದು, ಹಾಡು ಕೇಳಬಹುದು, ಕುಣಿಯುವ ಹಾಗಿಲ್ಲ. ಡ್ಯಾನ್ಸ್ ಫ್ಲೋರಿನ ಮೇಲೆ ಮೇಜು ಕುರ್ಚಿ ಹಾಕಿದೆವು. ಬೌನ್ಸರ್‌ಗಳಿಗೆ ಹೊಸ ಡ್ಯೂಟಿ: ‘ಸರ್, ಕಾಲು ಅಲ್ಲಾಡಿಸಬೇಡಿ’ ಅನ್ನುತ್ತಾ ಓಡಾಡುವುದು. ತಲೆ ತೂಗಿದರೆ ಡ್ಯಾನ್ಸೋ ಅಲ್ಲವೋ? ಭುಜ ಕುಣಿಸಿದರೆ? ಒಬ್ಬ ಗಿರಾಕಿ ಕೂತಲ್ಲಿಂದಲೇ ಸೊಂಟದ ಮೇಲಿನದ್ದನ್ನೆಲ್ಲ ಕುಣಿಸಿ, ‘ನಾನು ಎದ್ದೇ ಇಲ್ಲವಲ್ಲ’ ಎಂದು ವಾದಿಸಿದ. ಕಾನೂನು ಓದಿದವನಿರಬೇಕು. ಡಿಜೆ ಬೇಕೆಂದೇ ಸಪ್ಪೆ ಹಾಡು ಹಾಕತೊಡಗಿದ. ಹನ್ನೊಂದೂವರೆಗೆ ಮುಚ್ಚಬೇಕಾದ ಜಾಗ ಹತ್ತಕ್ಕೇ ಆಕಳಿಸುತ್ತಿತ್ತು.

ಹೀಗಿರುವಾಗ ಗಣೇಶನ ಹಬ್ಬ ಬಂತು. ಹಲಸೂರು ಕೆರೆಗೆ ಹೊರಟ ಮೆರವಣಿಗೆಯೊಂದು ನಮ್ಮ ಬಾಗಿಲೆದುರು ನಿಂತು ತಮಟೆ ಬಾರಿಸಿತು. ನಮ್ಮ ಲಕ್ಷಗಟ್ಟಲೆಯ ಸ್ಪೀಕರಿನ ಸದ್ದು ಅದರ ಮುಂದೆ ಅಡಗಿಹೋಯಿತು. ಮೊದಲು ಕಾನೂನು ಪಂಡಿತ ಎದ್ದ. ಅವನ ಹಿಂದೆ ಟೇಬಲ್ಲಿಗೆ ಟೇಬಲ್ಲೇ ಮೆಟ್ಟಿಲು ಹತ್ತಿ ನಡುರಸ್ತೆಯಲ್ಲಿ ಕುಣಿಯಲು ನಿಂತಿತು. ತಡೆಯಲು ಹೋದ ಬೌನ್ಸರ್‌ಗಳೂ ವಾಪಸು ಬರಲಿಲ್ಲ. ಬಿಲ್ಲು ಕೊಡದವರನ್ನು ಗುಂಪಿನಲ್ಲಿ ಹುಡುಕಿಕೊಂಡು ವೇಟರ್‌ಗಳು ಹಲಸೂರಿನವರೆಗೂ ಗಣಪನ ಹಿಂದೆ ನಡೆದರು. ಅರ್ಧ ದುಡ್ಡು, ಎರಡು ಪೊಟ್ಟಣ ಪ್ರಸಾದ ವಸೂಲಾಯಿತು.