"ಏನ್ ಆಗಂಗಿಲ್ರಿ, ನಡೀತೈತಿ" ಅಂತ ಕಳಿಸಿದ ಟ್ರೇಲರ್

ಎರಡು ದಿನ ಆಯ್ತು, ಸಿಟ್ಟು ಇಳಿದಿಲ್ಲ. ಅದಕ್ಕೇ ಬರೀತಿದ್ದೇನೆ.

ನನ್ನ ತಮ್ಮ ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾನೆ. ಅವನಿಗೆ ಹದಿನಾಲ್ಕು ಅಡಿಯ ಒಂದು ಫೈಬರ್ ದೋಣಿ ಸಿಕ್ಕಿತು, ಸೆಕೆಂಡ್ ಹ್ಯಾಂಡ್. ಬೆಳಗಾವಿಯ ಒಂದು ವರ್ಕ್‌ಶಾಪಿನಲ್ಲಿ ಅದಕ್ಕೆ ಎರಡು ಗಾಲಿಯ ಟ್ರೇಲರ್ ಮಾಡಿಸಿ, ನನ್ನ ಬೊಲೆರೊ ಹಿಂದೆ ಕೊಂಡಿ ಹಾಕಿಸಿದೆವು. ಕೇಳಿದಷ್ಟು ದುಡ್ಡು ಎಣಿಸಿ ಕೊಟ್ಟೆ. ನಾನು ಈ ಮೊದಲು ಟ್ರೇಲರ್ ಎಳೆದವನೇ ಅಲ್ಲ, ಅದನ್ನೂ ಹೇಳಿದ್ದೆ. ಏನೇನು ನೋಡ್ಕೋಬೇಕು ಅಂತ ಕೇಳಿದ್ದಕ್ಕೆ ಬಂದ ಉತ್ತರ ಇಷ್ಟೇ: "ಏನ್ ಆಗಂಗಿಲ್ರಿ ಸಾಹೇಬ್ರ, ಆರಾಮ ಹೋಗ್ರಿ, ನಡೀತೈತಿ."

ನೇಸರಗಿ ದಾಟಿದ ಮೇಲೆ ಐವತ್ತರ ಸ್ಪೀಡ್ ಹಿಡಿದೆ. ಟ್ರೇಲರ್ ಬಾಲ ಬೀಸಲು ಶುರು ಮಾಡಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಒಂದೊಂದು ಸಲಕ್ಕೂ ಜಾಸ್ತಿ, ಗಾಡಿಯ ಹಿಂಭಾಗವನ್ನೇ ಯಾರೋ ಹಿಡಿದು ಜಗ್ಗಿದ ಹಾಗೆ. ಗಾಬರಿಯಿಂದ ಬ್ರೇಕ್ ಒತ್ತಿದೆ, ಇನ್ನೂ ಜೋರಾಯಿತು. ಬ್ರೇಕ್ ಬಿಟ್ಟೆ, ಆಕ್ಸಿಲರೇಟರ್ ಕೂಡ ಮುಟ್ಟಲಿಲ್ಲ, ಆಗ ನಿಧಾನಕ್ಕೆ ತಣ್ಣಗಾಯಿತು. ಕಬ್ಬಿನ ಸೀಸನ್ ಬೇರೆ, ಎದುರಿಗೆ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳ ಸಾಲು. ಆಮೇಲೆ ಮೂವತ್ತು ದಾಟಲಿಲ್ಲ ನಾನು. ಯರಗಟ್ಟಿ ಆಚೆ ಬಣ್ಣ ಇಲ್ಲದ ಒಂದು ಹಂಪ್ ಮೇಲೆ ಹತ್ತಿದಾಗ ಹಿಂದೆ ಧಡ್ ಅಂತ ಸದ್ದು ಬಂತು. ಕನ್ನಡಿಯಲ್ಲಿ ನೋಡಿದೆ. ಟ್ರೇಲರ್ ಹಿಂದೆಯೇ ಒಂದು ಬೈಕ್, ಗಂಡ ಹೆಂಡತಿ, ನಡುವೆ ಮಗು.

ಲೋಕಾಪುರದಲ್ಲಿ ಚಹಾಕ್ಕೆ ನಿಂತೆ. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಹುಡುಗನೊಬ್ಬ ಚಹಾದ ಗ್ಲಾಸ್ ಹಿಡಿದುಕೊಂಡೇ ಬಂದು ಕೊಂಡಿ ನೋಡಿದ. "ಕಾಕಾ, ಇದನ್ನ ಯಾರ್ ಮಾಡ್ಯಾರ್ರಿ?" ಅಂದ. ಗ್ಲಾಸ್ ಕೆಳಗಿಟ್ಟು ಎರಡೂ ಕೈಯಿಂದ ಟ್ರೇಲರಿನ ಮೂತಿ ಎತ್ತಿದ. ಎದ್ದು ಬಂತು! ಲಾಕ್ ಹಾಕಿದ್ದು ಹಾಕಿದ ಹಾಗೇ ಇದೆ, ಟ್ರೇಲರಿನ ಕಪ್ ಒಳಗೆ ಕೂರಬೇಕಾದ ನನ್ನ ಗಾಡಿಯ ಕೊಂಡಿಯ ಗುಂಡು ಮಾತ್ರ ಹೊರಗೆ. ಟ್ರೇಲರಿನ ಕಪ್ ಎರಡು ಇಂಚಿನದು, ನನ್ನ ಗಾಡಿಗೆ ಹಾಕಿದ್ದು ಒಂದು ಮುಕ್ಕಾಲು ಇಂಚಿನ ಗುಂಡು. ಅಷ್ಟು ದೂರ ಅದು ಬರೀ ತನ್ನ ಭಾರದ ಮೇಲೆ ಕೂತು ಬಂದಿತ್ತು. ಸೇಫ್ಟಿ ಚೈನ್ ಕೂಡ ಇಲ್ಲ. ಎರಡು ಚೈನ್ ಕೊಂಡಿಯ ಕೆಳಗೆ ಕತ್ತರಿ ಆಕಾರದಲ್ಲಿ ಕಟ್ಟಿದ್ದರೆ, ಗುಂಡು ತಪ್ಪಿದರೂ ಮೂತಿ ರಸ್ತೆಗೆ ಬಡಿಯದೆ ಅದರ ಮೇಲೆ ಕೂರುತ್ತದಂತೆ. ಇದ್ದದ್ದು ಒಂದು ನೈಲಾನ್ ಹಗ್ಗ. ಹಿಂದೆ ಲೈಟಿಗೆ ವೈರೇ ಎಳೆದಿಲ್ಲ, ಡಬ್ಬಿ ಮಾತ್ರ ಕೂರಿಸಿದ್ದಾರೆ.

ಬಾಲ ಯಾಕೆ ಬೀಸಿತು ಅನ್ನೋದನ್ನೂ ಅವನೇ ಹೇಳಿದ. ಇಂಜಿನ್, ಲಂಗರು, ಬಲೆ ಎಲ್ಲ ದೋಣಿಯ ಹಿಂಭಾಗಕ್ಕೆ ಹಾಕಿ ಕಟ್ಟಿದ್ದರು, ಮುಂದೆ ಸಾಕಷ್ಟು ಭಾರ ಇರಲಿಲ್ಲ. ಒಟ್ಟು ನಾನೂರು ಕೆಜಿ ಇದ್ದರೆ ಹತ್ತನೇ ಒಂದು ಭಾಗ, ಅಂದರೆ ನಲವತ್ತು ಕೆಜಿಯಷ್ಟಾದರೂ ಕೊಂಡಿಯ ಮೇಲೆ ಕೂರಬೇಕು. ರಿವರ್ಸ್ ಹೊಡೆಯೋದನ್ನೂ ಹೇಳಿಕೊಟ್ಟ: ಸ್ಟೇರಿಂಗಿನ ತಳದಲ್ಲಿ ಕೈ ಇಡ್ರಿ, ಟ್ರೇಲರ್ ಎತ್ತ ಹೋಗಬೇಕೋ ಅತ್ತ ಕೈ ಸರಿಸ್ರಿ. ಚಹಾ ಆರುವಷ್ಟರಲ್ಲಿ ಮುಗಿದ ಮಾತು ಇದು. ದುಡ್ಡು ತಗೊಂಡವರಿಗೆ ಇಷ್ಟು ಹೇಳೋಕೆ ಬಾಯಿ ಇರಲಿಲ್ವಾ?

ಅಲ್ಲಿಂದಲೇ ಫೋನ್ ಮಾಡಿದೆ. "ಸ್ವಲ್ಪ ಲೂಸ್ ಇರ್ತೈತ್ರಿ ಸಾಹೇಬ್ರ, ಸಾವಕಾಶ ಹೋಗ್ರಿ, ನಡೀತೈತಿ" ಅಂದರು. ಏನು ನಡೀತೈತಿ? ಆ ಹಂಪ್ ಮೇಲೆ ಮೂತಿ ಕಳಚಿದ್ದರೆ ನಾಲ್ಕು ಕ್ವಿಂಟಲ್ ಭಾರ ಆ ಬೈಕಿಗೆ ಅಡ್ಡ ಬೀಳುತ್ತಿತ್ತು. ಆ ಮಗು ಸೀರೆಯ ಸೆರಗು ಹಿಡಿದುಕೊಂಡು ನಿದ್ದೆ ಮಾಡ್ತಿತ್ತು, ಅವರು ಓವರ್‌ಟೇಕ್ ಮಾಡುವಾಗ ನೋಡಿದೆ. ಇವರಿಗೆ ಅದು ಸ್ವಲ್ಪ ಲೂಸ್. ಗೊತ್ತಿಲ್ಲದವನು ಬಂದು ಗೊತ್ತಿಲ್ಲ ಅಂತ ಹೇಳಿ ಕೇಳಿದಾಗಲೂ ಹೀಗೆ ಕಳಿಸೋದು ಮೋಸ, ಬೇರೆ ಮಾತಿಲ್ಲ.

ದೋಣಿಯನ್ನು ಟೆಂಪೋದಲ್ಲಿ ಬಾಗಲಕೋಟೆಗೆ ತಂದೆವು, ಆ ಬಾಡಿಗೆ ಬೇರೆ. ಟ್ರೇಲರ್ ಲೋಕಾಪುರದ ಧಾಬಾ ಹಿಂದೆ ನಿಂತಿದೆ. ಗುಂಡು ಬಿಚ್ಚಿ ತಂದಿದ್ದೇನೆ. ಸೋಮವಾರ ಬೆಳಗಾವಿಗೆ ಹೋಗ್ತೇನೆ, ಸರಿಯಾದ ಗುಂಡು, ಎರಡು ಚೈನ್, ಉರಿಯುವ ಲೈಟ್ ಆಗುವ ತನಕ ಆ ವರ್ಕ್‌ಶಾಪಿನ ಬಾಗಿಲು ಬಿಟ್ಟು ಕದಲಲ್ಲ.