ಒಂದು ಕಪ್ ಅಂದ್ರೆ ಎಷ್ಟು ಗ್ರಾಂ ಅಂತ ಕೇಳೋರಿಗೆ

ಈ ಪ್ರಶ್ನೆಗೆ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಯಾವ ಕಪ್? ಒಳಗೆ ಏನಿದೆ? ಹೇಗೆ ತುಂಬಿದಿರಿ? ಕೊಂಕು ತೆಗೆಯಲು ಅಲ್ಲ. ಈ ಮೂರೂ ಗೊತ್ತಿಲ್ಲದೆ ಯಾರು ಏನೇ ಲೆಕ್ಕ ಹೇಳಿದರೂ ಅದು ಅಂದಾಜೇ. ಆನ್‌ಲೈನ್ ಪಟ್ಟಿಗಳು ದಶಮಾಂಶ ಹಾಕಿ ಕೊಟ್ಟ ಮಾತ್ರಕ್ಕೆ ಅದು ನಿಖರ ಆಗುವುದಿಲ್ಲ.

ಕಪ್ಪಿನ ಗಾತ್ರವೇ ಒಂದೊಂದು ಕಡೆ ಒಂದೊಂದು. ಅಮೆರಿಕದ್ದು ಸುಮಾರು 237 ಮಿಲಿ, ಅಲ್ಲಿನ ಪ್ಯಾಕೆಟ್‌ಗಳ ಪೌಷ್ಟಿಕಾಂಶದ ಪಟ್ಟಿಗೆ ಅದನ್ನೇ 240 ಅಂತ ಹಿಡಿಯುತ್ತಾರೆ. ಆಸ್ಟ್ರೇಲಿಯಾದ್ದು 250, ಜಪಾನಿನದು 200. ರೈಸ್ ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ ಸಾಮಾನ್ಯವಾಗಿ 180. ರೆಸಿಪಿ ಬರೆದವರು ತಮ್ಮ ಕಪ್ ಯಾವುದು ಅಂತ ಹೇಳುವುದು ಅಪರೂಪ.

ಇನ್ನು ಒಳಗಿರುವುದು. 240 ಮಿಲಿ ಕಪ್ಪಿನಲ್ಲಿ ನೀರು 240 ಗ್ರಾಂ ತೂಗುತ್ತದೆ. ಅದೇ ಕಪ್ಪಿನಲ್ಲಿ ಅಕ್ಕಿ 185ರಿಂದ 200 ಗ್ರಾಂ, ಓಟ್ಸ್ ಆದರೆ 80ರಿಂದ 100 ಅಷ್ಟೇ. ಅಕ್ಕಿ ನೀರಲ್ಲಿ ಮುಳುಗುತ್ತದೆ, ಅಂದರೆ ನೀರಿಗಿಂತ ಭಾರ ಅಲ್ವಾ? ಮತ್ತೆ ಕಪ್ಪಿನಲ್ಲಿ ಯಾಕೆ ಹಗುರ? ಕಾಳುಗಳ ನಡುವೆ ಇರುವ ಗಾಳಿಯಿಂದ. ಅನುಮಾನ ಇದ್ದರೆ ಕಪ್ ತುಂಬಾ ಅಕ್ಕಿ ಹಾಕಿ, ತಲೆ ಸಮ ಮಾಡಿ, ಮೇಲಿಂದ ನಿಧಾನಕ್ಕೆ ನೀರು ಹಾಕಿ. ಗುಳ್ಳೆ ಬಿಡುತ್ತಾ ಆ ತುಂಬಿದ ಕಪ್ಪಿಗೇ ಇನ್ನೂ ಸುಮಾರು 100 ಮಿಲಿ ನೀರು ಇಳಿಯುತ್ತದೆ.

ಎಡವಟ್ಟು ಆಗುವುದು ನೀರಿನ ಅಳತೆಯಲ್ಲಿ. ‘ಒಂದಕ್ಕೆ ಎರಡು’ ಅಂತ ಇರುತ್ತದೆ, ಅದು ಕಪ್ಪಿನ ಲೆಕ್ಕ. 190 ಗ್ರಾಂ ಅಕ್ಕಿಗೆ 480 ಗ್ರಾಂ ನೀರು. ತೂಕದಲ್ಲಿ ನೋಡಿದರೆ ಅದು ಒಂದಕ್ಕೆ ಎರಡೂವರೆ! ಹೊಸದಾಗಿ ತಕ್ಕಡಿ ತಂದವರು ಅದೇ ‘ಒಂದಕ್ಕೆ ಎರಡು’ ಹಿಡಿದು 190ಕ್ಕೆ 380 ಹಾಕಿದರೆ 100 ಮಿಲಿ ನೀರು ಕಡಿಮೆ ಬೀಳುತ್ತದೆ. ಅನ್ನ ಅರೆಬೆಂದರೆ ಅಕ್ಕಿಯನ್ನು ಬೈದು ಏನೂ ಪ್ರಯೋಜನ ಇಲ್ಲ.

ಹಾಗಂತ ಅನ್ನಕ್ಕೆ ತಕ್ಕಡಿ ಬೇಕೇ ಬೇಕು ಅಂತ ನಾನು ಹೇಳಲ್ಲ. ಅಕ್ಕಿ, ನೀರು ಎರಡನ್ನೂ ಒಂದೇ ಲೋಟದಲ್ಲಿ ಅಳೆದರೆ ಲೋಟ ಎಷ್ಟು ದೊಡ್ಡದಾದರೇನು? ಅಲ್ಲಿ ಗ್ರಾಂ ಲೆಕ್ಕ ಸುಮ್ನೆ ತಲೆನೋವು. ಬೇಳೆಗೂ ಅಷ್ಟೇ.

ಹಿಟ್ಟಿನ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಮೈದಾವನ್ನು ಚಮಚದಿಂದ ಸಡಿಲವಾಗಿ ಕಪ್ಪಿಗೆ ತುಂಬಿ, ಚಾಕುವಿನ ಬೆನ್ನಿನಿಂದ ತಲೆ ಸವರಿದರೆ 120–125 ಗ್ರಾಂ. ಕಪ್ಪನ್ನೇ ಡಬ್ಬಿಯೊಳಗೆ ಅದ್ದಿ ಎತ್ತಿದರೆ 140–150. ತಟ್ಟಿ, ಕುಲುಕಿದರೆ ಇನ್ನೂ ಜಾಸ್ತಿ. ನಾಲ್ಕು ಕಪ್ ಹಿಟ್ಟಿನ ಬ್ರೆಡ್ಡಿಗೆ ಹತ್ತಿರ ಹತ್ತಿರ 100 ಗ್ರಾಂ ವ್ಯತ್ಯಾಸ. ನೀರು ಅಷ್ಟೇ ಹಾಕಿದ್ದರೂ ಒಬ್ಬರ ಹಿಟ್ಟು ಕೈಗೆ ಅಂಟುತ್ತದೆ, ಇನ್ನೊಬ್ಬರದು ಕಲ್ಲಿನ ಹಾಗೆ. ಬೇಕಿಂಗ್ ರೆಸಿಪಿ ಬರೆಯುವವರು ಗ್ರಾಂನಲ್ಲಿ ಬರೆಯದಿದ್ದರೆ ಅದು ಸೋಮಾರಿತನ ಅಂತಲೇ ನನ್ನ ಅಭಿಪ್ರಾಯ. ಬೇಜಾರಾದರೂ ಪರವಾಗಿಲ್ಲ.

ಪಟ್ಟಿ ಬೇಕೇ ಬೇಕು ಅನ್ನುವವರು ಸ್ವಂತ ಪಟ್ಟಿ ಮಾಡಿಕೊಳ್ಳಿ. ಖಾಲಿ ಕಪ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ಎಷ್ಟು ಗ್ರಾಂ ಬಂತೋ ಅಷ್ಟೇ ಮಿಲಿಯ ಕಪ್ ಅದು. ಒರೆಸಿ ಒಣಗಿಸಿ, ಅದಕ್ಕೆ ನೀವು ದಿನಾ ತುಂಬುವ ಹಾಗೇ ಹಿಟ್ಟು ತುಂಬಿ ತೂಗಿ. ಎರಡು ಮೂರು ಸಲ ಮಾಡಿ ಸರಾಸರಿ ತೆಗೆದು ಡಬ್ಬಿ ಮೇಲೆ ಬರೆದಿಡಿ. ಹಿಟ್ಟು ಬದಲಾದರೆ ಮತ್ತೆ ತೂಗಿ.

ಉಪ್ಪು, ಯೀಸ್ಟ್ ಥರದ್ದಕ್ಕೆ ಚಮಚವೇ ವಾಸಿ. ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುವ ಅಡುಗೆಮನೆ ತಕ್ಕಡಿಗೆ ಎರಡು ಮೂರು ಗ್ರಾಂ ಸರಿಯಾಗಿ ಹಿಡಿಯಲು ಬರಲ್ಲ. ಆದರೆ ಟೇಬಲ್ ಚಮಚ ಕೂಡ ಆಸ್ಟ್ರೇಲಿಯಾದಲ್ಲಿ 20 ಮಿಲಿ, ಅಮೆರಿಕದಲ್ಲಿ 15. ಅದನ್ನೂ ಒಮ್ಮೆ ನೋಡಿಕೊಳ್ಳಿ.